ಜೋಡಿ ಸಾಲು

ಮೂಡಿಗೆರೆ ಹತ್ತಿರದ ಆ ಎಸ್ಟೇಟಿನಲ್ಲಿ, ಕಾಫಿ ಹಣ್ಣಿನ ತೂಕ ಕಡಿಮೆಯಾದವರನ್ನು ಮೂಲ ಕಾರಣ ಸಿಗುವ ತನಕ ‘ಯಾಕೆ’ ಎಂದು ಕೇಳಬೇಕೆಂದು ಹೊಸ ಮ್ಯಾನೇಜರು ತೂಕದ ಲೆಕ್ಕ ಬರೆಯುವ ರೈಟರ್ ಯೋಗೇಶನಿಗೆ ಹೇಳಿಕೊಟ್ಟಿದ್ದರು. ಗುರಿ ಮುಟ್ಟದವರನ್ನು ಕೆಲಸದಿಂದ ಬಿಡಿಸುವ ಮಾತೂ ಇತ್ತು.

“ತೂಕ ಯಾಕೆ ಕಮ್ಮಿ, ಮರಿಯಮ್ಮಾ?”

“ಸಾಲಿನ ಎರಡೂ ಬದಿ ನಾನೊಬ್ಳೇ ಕುಯ್ಯದು. ನಂಗೇನು ನಾಲ್ಕು ಕೈಯಾ?”

“ಜೋಡಿ ಯಾಕೆ ಬೇಡ ಅಂತೀಯ ಮಾರಾಯ್ತಿ?”

“ಆಚೆ ಬದಿ ನನ್ ಮಗಳದ್ದಲ್ವಾ ರೈಟ್ರೇ.”

ಮಗಳು ಪ್ರೇಮಲತಾ ಕಳೆದ ಮಳೆಗಾಲದಲ್ಲಿ ಜ್ವರದಿಂದ ತೀರಿಕೊಂಡಿದ್ದಳು. ಯೋಗೇಶ ಮುಂದೆ ಕೇಳಲಿಲ್ಲ. ಮರಿಯಮ್ಮನ ಕೆಲಸವಾದರೂ ಉಳಿಯಲಿ ಎಂದು ಮರುದಿನ ಆ ಬದಿಗೆ ಬೇರೊಬ್ಬ ಹೆಂಗಸನ್ನು ನಿಲ್ಲಿಸಿದ.

ತೂಕ ಏರಿತು. ಮ್ಯಾನೇಜರು ಅವನ ಬೆನ್ನು ತಟ್ಟಿದರು. ಆದರೆ ನಿನ್ನೆಯವರೆಗೂ ಯಾರೂ ಇಲ್ಲದ ಆ ಬದಿಯೊಡನೆ ಮೆಲ್ಲಗೆ ಮಾತಾಡುತ್ತ ಹಣ್ಣು ಬಿಡಿಸುತ್ತಿದ್ದ ಮರಿಯಮ್ಮ, ಈಗ ತುಟಿ ಬಿಚ್ಚದೆ ಬೇಗ ಬೇಗ ಕುಯ್ಯುತ್ತಿದ್ದಳು.