ರೂತವ್ವನ ಮಗ್ಗುಲಿನ ಜಾಗ

ಹುಟ್ಟುವುದರ ಬಗ್ಗೆ ಕಾಡವ್ವನಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಬೈಲಹೊಂಗಲಕ್ಕೂ ಸಂಗೊಳ್ಳಿಗೂ ನಡುವಿನ ಆ ಹಳ್ಳಿಯಲ್ಲಿ ಓಡಾಡುವ ಅರ್ಧ ಮಂದಿ ಆಕೆಯ ಕೈಯಲ್ಲೇ ಮೊದಲ ಉಸಿರು ಎಳೆದವರು. ಸಾಯುವುದರ ಬಗ್ಗೆ ಮಾತ್ರ ಆಕೆ ಗಂಡ ಹೇಳಿದ್ದನ್ನೇ ನಂಬಿಕೊಂಡು ಬಂದಿದ್ದಳು. ಗಂಡ ದೇವಪುತ್ರಪ್ಪ ಊರಿನ ಕ್ರೈಸ್ತ ಸಭೆಗೆ ಉಪದೇಶಿ. ಸಭೆಯ ಪಾದ್ರಿ ಅಯ್ಯನವರು ತಿಂಗಳಿಗೊಮ್ಮೆ ಸೈಕಲ್ ಮೇಲೆ ಬರುತ್ತಿದ್ದರು. ಉಳಿದ ಭಾನುವಾರಗಳೆಲ್ಲ ಈತನವು. ಯಾರನ್ನು ಮಣ್ಣು ಮಾಡುವಾಗಲೂ ಆತ ಹೇಳುತ್ತಿದ್ದುದು ಒಂದೇ: ಇವರು ಮಲಗಿದ್ದಾರೆ, ಕಡೆಯ ದಿನ ಕರ್ತನು ಕರೆದಾಗ ಇದೇ ಮೈಯಲ್ಲಿ ಎದ್ದು ಬರುತ್ತಾರೆ.

ಆಮೇಲೆ ಅವರ ಒಬ್ಬಳೇ ಮಗಳು ರೂತವ್ವ ಸತ್ತಳು. ಸವದತ್ತಿಯ ಆಚೆ ಹೊಸ ಆಣೆಕಟ್ಟಿನಲ್ಲಿ ನೀರು ನಿಂತ ಮರುವರ್ಷ ಅದು. ಸುರೇಬಾನಕ್ಕೆ ಕೊಟ್ಟಿದ್ದ ಹುಡುಗಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಕೂಸು ಹೊಟ್ಟೆಯಲ್ಲಿ ಅಡ್ಡ ತಿರುಗಿತ್ತು. ಹೆರಿಗೆ ಕಷ್ಟವಾದಾಗ ಆ ಕಡೆಯ ಸೂಲಗಿತ್ತಿಯರು ಮನೆಯಲ್ಲಿ ಬಿಗಿದದ್ದನ್ನೆಲ್ಲ ಬಿಚ್ಚುತ್ತಾರೆ: ಹೆಂಗಸರ ತುರುಬು, ಪೆಟ್ಟಿಗೆಯ ಕೀಲಿ, ದನದ ಹಗ್ಗ, ಕಾಳಿನ ಚೀಲದ ಬಾಯಿ. ಹೊರಗಿನ ಗಂಟು ಸಡಿಲಾದರೆ ಒಳಗಿನದೂ ಸಡಿಲಾಗುತ್ತದೆಂದು. ಕಾಡವ್ವ ಎಲ್ಲವನ್ನೂ ಬಿಚ್ಚಿದಳು. ಕೊನೆಗೆ ಚಕ್ಕಡಿ ಹೂಡಿಸಿ ದವಾಖಾನೆಗೆ ಹೊರಟಾಗ ದಾರಿಯಲ್ಲೇ ತಾಯಿ, ಕೂಸು ಇಬ್ಬರೂ ಹೋದರು.

ಕುಣಿಯ ಮುಂದೆ ನಿಂತ ದೇವಪುತ್ರಪ್ಪ ಎಂದಿನ ಮಾತು ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದ. ಮಂದಿ ದುಃಖವೆಂದುಕೊಂಡರು. ಕಾಡವ್ವ ಮಗಳ ಮಗ್ಗುಲಿಗೆ ಇನ್ನೊಂದು ಕುಣಿಯಷ್ಟು ಜಾಗ ಬಿಟ್ಟು ಗುರುತಿಗೆ ಕಲ್ಲು ಇಡಿಸಿದಳು.

ಅದೇ ವರ್ಷ ಬೇಸಿಗೆಯಲ್ಲಿ ಕಿತ್ತೂರಿನ ಕೋಟೆ ನೋಡಲು ಧಾರವಾಡದಿಂದ ಒಬ್ಬ ಜರ್ಮನ್ ಸಾಹೇಬ ಬಂದ. ಹಳೆಯ ಧರ್ಮಗಳ ಬಗ್ಗೆ ಓದಿಕೊಂಡವನು, ಕನ್ನಡ ಬಲ್ಲವನು. ಅವನಿಗೆ ಸುತ್ತಾಡಿಸಿ ತೋರಿಸಲು ಅಯ್ಯನವರು ದೇವಪುತ್ರಪ್ಪನನ್ನು ಕಳಿಸಿದರು. ಕೋಟೆಯ ಮುರುಕು ಗೋಡೆಯ ನೆರಳಲ್ಲಿ ಕೂತು ಸಾಹೇಬ ಒಂದು ಸಂಗತಿ ಹೇಳಿದ. ಈಜಿಪ್ತ ದೇಶದಲ್ಲಿ ಹೊಲಕ್ಕೆ ಹಾಕಲು ಮಣ್ಣು ಅಗೆಯುತ್ತಿದ್ದ ರೈತರಿಗೆ ಒಂದು ದೊಡ್ಡ ಗಡಿಗೆ ಸಿಕ್ಕಿತ್ತು. ಅದರೊಳಗೆ ಚರ್ಮದ ಹೊದಿಕೆಯ ಹಳೆಯ ಪುಸ್ತಕಗಳು. ಯೇಸುವನ್ನು ಬೇರೊಂದು ರೀತಿಯಲ್ಲಿ ನಂಬಿದ್ದ ಮಂದಿಯವು. ಅವರನ್ನು ಸಭೆ ಹಿಂದೆಯೇ ಹೊರಗೆ ಹಾಕಿತ್ತು.

ದೇವಪುತ್ರಪ್ಪ ಮನೆಗೆ ಬಂದು ರೊಟ್ಟಿ ಮುಟ್ಟದೆ ಅದನ್ನೆಲ್ಲ ಹೆಂಡತಿಗೆ ಹೇಳಿದ. ಈ ಭೂಮಿಯನ್ನು ಮಾಡಿದವನು ನಿಜವಾದ ದೇವರಲ್ಲವಂತೆ. ಅವನು ಕೆಳಗಿನವನು, ಕುರುಡ, ತಾನೇ ಎಲ್ಲ ಎಂದುಕೊಂಡವನು. ನಿಜವಾದ ತಂದೆ ಇದೆಲ್ಲದರ ಆಚೆ ಬೆಳಕಾಗಿ ಇದ್ದಾನೆ. ಆ ಬೆಳಕಿನ ಕಿಡಿ ಮನುಷ್ಯನ ಮೈಯೊಳಗೆ ಸೆರೆ ಸಿಕ್ಕಿದೆ. ಯೇಸು ನಮ್ಮ ಪಾಪಕ್ಕೆ ರಕ್ತ ಸುರಿಸಲು ಬಂದವನಲ್ಲ, ನಿದ್ದೆಯಲ್ಲಿದ್ದವರ ಭುಜ ಅಲುಗಿಸಿ ನೀನು ಯಾರೆಂದು ತಿಳಿಸಲು ಬಂದವನು. ಬಿಡುಗಡೆಯಾಗುವುದು ನಂಬಿಕೆಯಿಂದಲ್ಲ, ಆ ತಿಳಿವಿನಿಂದ. ಸತ್ತ ಮೇಲೆ ಕಿಡಿ ಏಳು ಬಾಗಿಲು ದಾಟಬೇಕು. ಒಂದೊಂದಕ್ಕೂ ಒಬ್ಬ ಕಾವಲಿನವನು, ಎಲ್ಲಿಂದ ಬಂದೆ ಎಂದು ಕೇಳುತ್ತಾನೆ. ತಿಳಿದವನು ಉತ್ತರ ಕೊಟ್ಟು ದಾಟುತ್ತಾನೆ.

ಕಾಡವ್ವ ಇದನ್ನೆಲ್ಲ ಬಿಟ್ಟು ಒಂದನ್ನೇ ಕೇಳಿದಳು.

“ಹಂಗಾದ್ರ ರೂತಿ ಏಳೂದಿಲ್ಲೇನ್ರಿ?”

“ಆಕಿ ಆಗಲೇ ಎದ್ದು ಹೋಗ್ಯಾಳ. ಮಣ್ಣಾಗ ಇರೂದು ಆಕಿ ಕಳದ ಒಗದ ಅರಿವಿ, ಹಳೀ ಬಟ್ಟಿ.”

“ಆಕಿ ಹಣಿ ಮ್ಯಾಗ ಒಲಿ ಸುಟ್ಟ ಕಲಿ ಇತ್ತು. ಅದನ್ನ ನೋಡಿ ಗುರ್ತ ಹಿಡೀತೇನಿ ಅಂತ ಕುಂತಿದ್ನಿ ನಾ.”

ಆತ ರೊಟ್ಟಿಯ ತಾಟು ಆಚೆ ಸರಿಸಿದ. ಆಕೆ ಬಿಡಲಿಲ್ಲ. “ಹುಟ್ಟಿದ ಕೂಸಿನ ಬೆರಳ ನೋಡೀರೇನ್ರಿ ನೀವು? ಉಗರ ಸೈತ ಮೂಡಿರ್ತಾವು. ಕುರುಡ ಮಾಡಿದ್ದು ಹಂಗ ಇರತೈತೇನು?”

“ರೂತಿ ಹೊಟ್ಯಾಗ ಕೂಸನ್ನ ಅಡ್ಡ ಮಲಗಿಸಿದಾಂವ ಕಣ್ಣಿದ್ದಾಂವ ಆಗಿದ್ರ, ಅಂವಗ ನಾ ತಂದಿ ಅನ್ನಾಕ ಆಗೂದಿಲ್ಲ.”

ಅಲ್ಲಿಗೆ ಕಾಡವ್ವನಿಗೆ ತಿಳಿಯಿತು. ಆತನಿಗೆ ಸಮಾಧಾನ ಸಿಕ್ಕಿದೆ. ಆ ಸಮಾಧಾನ ತನ್ನದನ್ನು ಕಿತ್ತುಕೊಳ್ಳುತ್ತಿದೆ. ಇಬ್ಬರದೂ ಒಂದೇ ಮಗಳು, ಆದರೆ ಆಕೆಯನ್ನು ಇಬ್ಬರೂ ಒಂದೇ ಕಡೆ ಹುಡುಕುವಂತಿಲ್ಲ.

ಮನೆಯಲ್ಲಿ ಹೇಳಿದ್ದನ್ನು ಆತ ಒಂದು ಭಾನುವಾರ ಸಭೆಯಲ್ಲೂ ಹೇಳಿದ. ಏದೆನ್ ತೋಟದ ಹಾವು ಮೊದಲ ಹೆಣ್ಣು ಹವ್ವಳನ್ನು ಕೆಡಿಸಲಲ್ಲ, ತಿಳಿವು ಕೊಡಲು ಬಂದದ್ದು ಎಂಬಲ್ಲಿಗೆ ಬಂದಾಗ ಹಿರಿಯ ಗಂಗಪ್ಪ ಎದ್ದು ನಿಂತ. ದೀಕ್ಷಾಸ್ನಾನವಾದ ಮೇಲೂ ಅಜ್ಜನ ಹೆಸರು ಬಿಡದ ಮನುಷ್ಯ, ನಾಲಿಗೆ ಚುರುಕು. “ಹಾವಿಗೆ ಹಾಲೆರೆಯೂದು ಬಿಟ್ಟು ನಮ್ಮಪ್ಪ ಈ ಕಡೆ ಬಂದ. ನೀವು ಮತ್ತ ಬಟ್ಟಲಾ ಹಿಡಸ್ತೀರಲ್ರಿ ಉಪದೇಶಿಗಳ” ಎಂದ. ಎಲ್ಲರೂ ನಕ್ಕರು. ಸುದ್ದಿ ತಿಳಿದ ಅಯ್ಯನವರು ನಗಲಿಲ್ಲ. ಎರಡು ಸಲ ಕರೆದು ಬುದ್ಧಿ ಹೇಳಿದರು. ದೇವರು ತಾನು ಉಂಟುಮಾಡಿದ್ದನ್ನು ನೋಡಿ ಒಳ್ಳೆಯದೆಂದನು, ನೀನು ಕೆಟ್ಟದ್ದೆನ್ನುತ್ತೀಯ. ದೇವರು ಮೈ ತೊಟ್ಟು ಬಂದನು, ನೀನು ಮೈಯನ್ನು ಜೇಲು ಎನ್ನುತ್ತೀಯ, ಎಂದರು. ಆತ ಹಟದಿಂದಲ್ಲ, ಬೇಸರದಿಂದ ಆಗದೆಂದು ತಲೆಯಾಡಿಸಿದ. ಉಪದೇಶಿಯ ಕೆಲಸ ಹೋಯಿತು, ಸಭೆಯಿಂದಲೂ ಹೊರಗಾದ. ಆಮೇಲೆ ಆತ ಬೇರೆಯವರ ಶೇಂಗಾ ಹೊಲದಲ್ಲಿ ಕೂಲಿ ಮಾಡಿದ. ಈಸ್ಟರಿನ ಮುಂಚೆ ಎಲ್ಲರೂ ತಮ್ಮವರ ಗೋರಿಗೆ ಸುಣ್ಣ ಹಚ್ಚಲು ಹೋದರೆ ಕಾಡವ್ವ ಒಬ್ಬಳೇ ಹೋಗುತ್ತಿದ್ದಳು.

ಹೀಗೇ ಕೆಲವು ವರ್ಷ ಕಳೆದವು. ಆತನ ಎದೆಯಲ್ಲಿ ನೀರು ತುಂಬಿತು. ಬೈಲಹೊಂಗಲದ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು.

ಆ ಸಭೆಯಲ್ಲಿ ಒಂದು ನೇಮವಿತ್ತು. ಹೊರಗಾದವನು ಸಾಯುವ ಮುಂಚೆ ಹಿರಿಯರ ಎದುರು ವಿಶ್ವಾಸಪ್ರಮಾಣ ಹೇಳಿದರೆ ಮಾತ್ರ ಗೋರಿಗಳ ಜಾಗದಲ್ಲಿ ಮಣ್ಣು. ಇಲ್ಲವಾದರೆ ಹಳ್ಳದ ದಂಡೆ. ಕಾಡವ್ವ ಗಂಡನ ಕಾಲ ಹತ್ತಿರ ಕೂತಳು.

“ಮೈ ಅಂದ್ರ ಅರಿವಿ ಅಂತೀರಿ. ಬಾಯಿನೂ ಅರಿವೀನ ಅಲ್ಲೇನ್ರಿ? ಅದರಿಂದ ನಾಕ ಮಾತ ಹೇಳಿದ್ರ ನಿಮ್ಮದೇನ ಹೋಗತೈತಿ? ರೂತಿ ಮಗ್ಗಲದಾಗ ನಿಮಗ ಜಾಗ ಉಳೀತೈತಿ, ನನಗ ಅಷ್ಟ ಸಾಕು.”

ಆತ ತುಸು ನಕ್ಕ. “ಭಾಳ ಶಾಣ್ಯಾಕಿ ನೀ” ಎಂದ. ಆಮೇಲೆ, “ಅಯ್ಯನವರನ್ನ ಕರಸು” ಎಂದ.

ಅಯ್ಯನವರು ಬಂದರು. ಗಂಗಪ್ಪನೂ ಇನ್ನೊಬ್ಬ ಹಿರಿಯನೂ ಬಂದು ಟೊಪ್ಪಿಗೆ ತೆಗೆದು ಕೂತರು. ದೇವಪುತ್ರಪ್ಪ ಗೋಡೆಗೆ ಒರಗಿ ಎಲ್ಲವನ್ನೂ ಹೇಳಿದ. ಭೂಮ್ಯಾಕಾಶಗಳನ್ನು ಉಂಟುಮಾಡಿದ ತಂದೆಯನ್ನು ನಂಬುತ್ತೇನೆ ಎಂದ. ಕೆಮ್ಮಿದ, ನೀರು ಕುಡಿದ, ಮುಂದುವರಿಸಿದ. ಶರೀರ ತಿರುಗಿ ಏಳುವುದನ್ನು ನಂಬುತ್ತೇನೆ ಎನ್ನುವಾಗ ಅಯ್ಯನವರನ್ನು ನೋಡಲಿಲ್ಲ, ಹೆಂಡತಿಯನ್ನು ನೋಡಿದ. ರೊಟ್ಟಿ, ದ್ರಾಕ್ಷಾರಸ ಕೊಟ್ಟು ಅಯ್ಯನವರು ಕಣ್ಣೊರೆಸಿಕೊಂಡು ಹೊರಟರು.

ಅವರ ಸೈಕಲ್ ಓಣಿ ದಾಟಿದ ಮೇಲೆ ಆತ ಮೆಲ್ಲಗೆ ಕೇಳಿದ. “ಆ ಏಳು ಬಾಗಿಲದಾಗ ಎಲ್ಲಿಂದ ಬಂದಿ ಅಂತ ಕೇಳ್ತಾರ. ಈಗ ನಾ ಏನಂತ ಹೇಳ್ಲಿ?”

ಬೈದಿದ್ದರೆ ಕಾಡವ್ವ ಎದುರಾಡುತ್ತಿದ್ದಳು. ಆತ ಬೈಯಲಿಲ್ಲ. ದಾರಿ ತಪ್ಪಿದವನು ದಾರಿ ಕೇಳಿದಂತೆ ಕೇಳಿದ. ಬಾಯಿಯೂ ಬಟ್ಟೆಯೇ ಎಂದವಳು ಆತನ ಹೊದಿಕೆ ಸರಿ ಮಾಡಿದಳು. ಮಗಳ ಮಗ್ಗುಲಿನ ಜಾಗ ಸಿಕ್ಕಿತ್ತು. ಅದಕ್ಕಾಗಿ ಆತ ಎಲ್ಲ ಹೋದ ಮೇಲೂ ಉಳಿಸಿಕೊಂಡಿದ್ದ ಆ ಒಂದು ತಿಳಿವನ್ನು ಕೊಟ್ಟಿದ್ದ.

ಒಂದು ಬೆಳಗ್ಗೆ ರೊಟ್ಟಿ ಬಡಿಯುವ ಹೊತ್ತಿಗೆ ಉಸಿರು ಗಂಟಲಲ್ಲಿ ಸಿಕ್ಕಿಕೊಂಡಿತು. ಹೋಗಲೊಲ್ಲದು, ಒಳಗೆ ನಿಲ್ಲಲೊಲ್ಲದು. ಆ ಸಪ್ಪಳ ಕಾಡವ್ವನಿಗೆ ಗೊತ್ತಿತ್ತು. ಎಷ್ಟೋ ಹೆರಿಗೆಯ ಕೋಣೆಗಳಲ್ಲಿ ಕೇಳಿದ್ದಳು. ಹಿಟ್ಟಿನ ಕೈಯಲ್ಲೇ ಎದ್ದು ಮುಂಬಾಗಿಲು ತೆರೆದಳು, ಹಿತ್ತಿಲ ಬಾಗಿಲು ತೆರೆದಳು. ಪೆಟ್ಟಿಗೆಯ ಕೀಲಿ ತೆಗೆದಳು. ಜೋಳದ ಚೀಲದ ದಾರ ಕಡಿದಳು. ಎಮ್ಮೆಯ ಹಗ್ಗ ಬಿಚ್ಚಿದಳು. ಅದು ಓಣಿಗೆ ಹೋಗಿ ನಿಂತಿತು. ಕೊನೆಗೆ ತನ್ನ ತುರುಬು ಬಿಚ್ಚಿ, ಆತನ ಕಿವಿಯ ಹತ್ತಿರ ಬಾಗಿ ಹೇಳಿದಳು.

“ಎಲ್ಲಾ ತಗದೇನ್ರಿ. ಕೇಳಿದ್ರ, ಹೆಂಡತಿ ಸಲುವಾಗಿ ಹೇಳಿದೆ ಅಂತ ಹೇಳ್ರಿ. ಹೋಗ್ರಿ.”

ಆತ ಹೋದ.

ಬಿಳಿ ಬಟ್ಟೆಯಲ್ಲಿ ಸುತ್ತಿ ತಲೆ, ನಡು, ಕಾಲು ಮೂರು ಕಡೆ ಗಂಟು ಹಾಕಿದ್ದರು. ಕುಣಿಗೆ ಇಳಿಸುವ ಮುಂಚೆ ಮುಖ ನೋಡುತ್ತೇನೆಂದು ಬಾಗಿದ ಕಾಡವ್ವ ಮೂರನ್ನೂ ಸಡಿಲು ಮಾಡಿದಳು. ಗಂಗಪ್ಪ ನೋಡಿದ. ಏನೋ ಅನ್ನಲು ಬಾಯಿ ತೆರೆದವನು ಟೊಪ್ಪಿಗೆ ಸರಿ ಮಾಡಿಕೊಂಡು ಆಚೆ ತಿರುಗಿದ. ಅಯ್ಯನವರು ಎಂದಿನ ಮಾತು ಹೇಳಿದರು: ಈತ ಮಲಗಿದ್ದಾನೆ, ಇದೇ ಮೈಯಲ್ಲಿ ಎದ್ದು ಬರುತ್ತಾನೆ.

ಮಂದಿ ಹೋದ ಮೇಲೆ ಕಾಡವ್ವ ಎರಡು ಗೋರಿಗಳ ನಡುವೆ ಕೂತಳು. ಒಂದರ ಸುಣ್ಣ ಹಳೆಯದು, ಇನ್ನೊಂದರ ಮಣ್ಣು ಹಸಿ. ಆತ ಹೇಳಿದ್ದು ಖರೆಯಾಗಿದ್ದರೆ ಇಲ್ಲಿ ಯಾರೂ ಇಲ್ಲ, ತಾನು ಬರೀ ಬಟ್ಟೆ ಕಾಯುತ್ತಿದ್ದೇನೆ. ತಾನು ನಂಬಿದ್ದು ಖರೆಯಾದರೆ ಒಂದು ದಿನ ಆತ ಏಳುತ್ತಾನೆ. ಎದ್ದವನೇ, ಯಾಕೆ ಹೇಳಿಸಿದೆ ಎಂದು ಕೇಳುತ್ತಾನೆ.

ಕೇಳಲಿ ಎಂದುಕೊಂಡಳು. ಹಸಿ ಮಣ್ಣನ್ನು ಅಂಗೈಯಿಂದ ಸವರಿದಳು, ಆಗಷ್ಟೇ ಹುಟ್ಟಿದ ಕೂಸಿನ ಬೆನ್ನು ಸವರುವಂತೆ, ಅಳು ಕೇಳುವ ತನಕ.