ಯಾವುದು ಬೇಕೋ ಆರಿಸ್ಕೋ

ನನಗೆ ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಮನೆಯವರಿಗೇ ಇದು ಆಗಾಗ ಮರೆತುಹೋಗುತ್ತದೆ. ಮರೆತರೆ ಒಳ್ಳೆಯದೇ ಅಲ್ಲವೇನೇ ಎನ್ನುತ್ತಾಳೆ ಅಕ್ಕ. ಆ ಭಾನುವಾರದ ತನಕ ನಾನೂ ಹಾಗೇ ಅಂದುಕೊಂಡಿದ್ದೆ.

ಮಾರನೆಯ ಬೆಳಿಗ್ಗೆ ನನಗೆ ದೊಡ್ಡಾಸ್ಪತ್ರೆಯಲ್ಲಿ ಕೆಲಸದ ಪರೀಕ್ಷೆ ಇತ್ತು. ಡಾಕ್ಟರುಗಳು ರೆಕಾರ್ಡ್ ಮಾಡಿದ ಮಾತನ್ನು ಕೇಳಿಕೊಂಡು ಟೈಪ್ ಮಾಡುವ ಕೆಲಸ. ಅದು ಸಿಕ್ಕರೆ ಅಕ್ಕನ ಮನೆಯ ಹಜಾರದ ಮೂಲೆಯಿಂದ ಎದ್ದು ನನ್ನದೇ ಒಂದು ಕೋಣೆ ಹಿಡಿಯಬಹುದಿತ್ತು. ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ. ಆಸ್ಪತ್ರೆಯ ಕಂಪ್ಯೂಟರುಗಳು ಮಾತಾಡುವುದಿಲ್ಲವಾದ್ದರಿಂದ ನನ್ನ ಲ್ಯಾಪ್‌ಟಾಪನ್ನೇ ತರಲು ಹೇಳಿದ್ದರು. ನನ್ನದು ಮಾತಾಡುತ್ತದೆ. ಪರದೆಯಲ್ಲಿ ಇರುವುದನ್ನೆಲ್ಲ ಓದಿ ಹೇಳುವ ಪ್ರೋಗ್ರಾಂ ಅದರಲ್ಲಿದೆ. ರೋಗಗಳ ಹೆಸರು, ಔಷಧಿಗಳ ಹೆಸರು ಬಂದಾಗಲೆಲ್ಲ ಅದು ತೊದಲುತ್ತಿತ್ತು. ಒಂದೊಂದೇ ಪದವನ್ನು ಹೇಗೆ ಉಚ್ಚರಿಸಬೇಕೆಂದು ವರ್ಷಗಟ್ಟಲೆ ಕೂತು ಅದಕ್ಕೆ ಕಲಿಸಿದ್ದೆ.

ಆಸ್ಪತ್ರೆಯ ಹಳೆಯ ರೆಕಾರ್ಡುಗಳಿಂದ ಅಭ್ಯಾಸ ಮಾಡುವಾಗ ನಾನು ಪರದೆಯನ್ನು ಪೂರ್ತಿ ಕಪ್ಪು ಮಾಡಿ ಇಟ್ಟುಕೊಳ್ಳುತ್ತೇನೆ. ಅದಕ್ಕೂ ಒಂದು ಸೌಲಭ್ಯವಿದೆ. ಯಾರದೋ ಕಾಯಿಲೆ ಮನೆಯವರ ಕಣ್ಣಿಗೆ ಏಕೆ ಬೀಳಬೇಕು? ನಮ್ಮ ಭಾವನಿಗಂತೂ ಹೆಗಲ ಮೇಲಿಂದ ಇಣುಕುವ ಚಾಳಿ ಬೇರೆ. ಸದ್ದು ನನ್ನ ಇಯರ್‌ಫೋನಿಗೆ ಮಾತ್ರ ಬರುತ್ತದೆ.

ಭಾವ ಎಂದರೆ ಅಕ್ಕನ ಗಂಡ, ಕಾಲೇಜಿನಲ್ಲಿ ಗಣಿತದ ಮೇಷ್ಟ್ರು; ಕಂಪ್ಯೂಟರನ್ನು ನಡೆಸುವ ಸಿಸ್ಟಮ್ ಯಾವುದಿರಬೇಕು ಎಂಬ ವಿಷಯಕ್ಕೆ ಬಂದರೆ ಲಿನಕ್ಸ್ ಪಕ್ಷ. ಅಣ್ಣ ಕಟ್ಟಡಗಳ ನಕ್ಷೆ ಬರೆಯುವವನು, ವಿಂಡೋಸ್ ಪಕ್ಷ. ಪ್ರತಿ ಭಾನುವಾರ ಅಣ್ಣ ಊಟಕ್ಕೆ ಬರುತ್ತಾನೆ, ತಟ್ಟೆ ಇಡುವ ಮೊದಲೇ ಇಬ್ಬರೂ ತೋಳೇರಿಸುತ್ತಾರೆ.

“ವೈರಸ್ ಕಾಟ ಇಲ್ಲ, ಕಾಸು ಕೊಡೋ ಹಾಗಿಲ್ಲ, ಹಳೇ ಮಷಿನ್ ಆದ್ರೂ ಕುದುರೆ ಥರ ಓಡುತ್ತೆ,” ಎನ್ನುತ್ತಾರೆ ಭಾವ.

“ಓಡುತ್ತೆ ಓಡುತ್ತೆ. ಪ್ರಿಂಟರ್ ಜೋಡಿಸಿದ ಕೂಡ್ಲೇ ಮುಗ್ಗರಿಸುತ್ತೆ,” ಎನ್ನುತ್ತಾನೆ ಅಣ್ಣ. “ನನ್ನ ನಕ್ಷೆ ಪ್ರೋಗ್ರಾಂ ಅದರಲ್ಲಿ ನಡೆಯುತ್ತಾ? ಕೆಟ್ರೆ ಯಾರನ್ನ ಕೇಳ್ಲಿ? ಊರವರನ್ನೆಲ್ಲ ಕೇಳ್ಕೊಂಡು ಬರ್ಲಾ?”

“ನಿಮ್ದು ಕೆಲಸದ ಮಧ್ಯೆ ಅಪ್‌ಡೇಟ್ ಅಂತ ಗೊರಕೆ ಹೊಡೀತಾ ಕೂರುತ್ತಲ್ಲ, ಆಗ ಯಜಮಾನ ಯಾರು? ನೀವೋ ಅದೋ?”

ಊಟ ತಣ್ಣಗಾದರೂ ಇವರು ತಣ್ಣಗಾಗುವುದಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಇತ್ತು, ಅದಕ್ಕೇ ಅಣ್ಣನಿಗೆ ಏನೋ ಗೆದ್ದ ಗತ್ತು. ನನಗೆ ಅದು ಯಾರ ಕೂಸಾದರೇನು, ಮಾತಾಡಿದರೆ ಸಾಕಿತ್ತು.

ಆ ದಿನ ಊಟವಾದ ಮೇಲೆ ಅಕ್ಕನೂ ನಾನೂ ಪರೀಕ್ಷೆಗೆಂದು ಹೊಸ ಚಪ್ಪಲಿ ತರಲು ಹೋಗಿದ್ದೆವು. ಸಂಜೆ ವಾಪಸ್ ಬಂದರೆ ಮನೆಯಲ್ಲಿ ಜಗಳದ ಸದ್ದೇ ಇಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು.

“ಪುಟ್ಟೀ, ನೀನು ಬಚಾವಾದೆ ಕಣೇ!” ಎಂದ ಅಣ್ಣ. “ನಾಳೆ ಪರೀಕ್ಷೆ ಅಲ್ವಾ, ಒಂದ್ಸಲ ನೋಡಿಬಿಡೋಣ ಅಂತ ನಿನ್ನ ಲ್ಯಾಪ್‌ಟಾಪ್ ತೆಗೆದ್ವಿ. ಸತ್ತೇ ಹೋಗಿತ್ತು. ಆನ್ ಆಗುತ್ತೆ, ಪಾಸ್‌ವರ್ಡ್ ಹಾಕಿ ಒಳಗೆ ಹೋದ್ರೆ ಪರದೆ ಕಪ್ಪು. ಎಷ್ಟು ಸಲ ಮಾಡಿದ್ರೂ ಕಪ್ಪು.”

ಪಾಸ್‌ವರ್ಡ್ ಅಕ್ಕನ ಹೆಸರೇ. ಅದು ಮನೆಗೆಲ್ಲ ಗೊತ್ತು.

“ನಾನು ವೈರಸ್ ಅಂದೆ, ನಿಮ್ಮಣ್ಣ ಪರದೆ ನಡೆಸೋ ಡ್ರೈವರ್ ಪ್ರೋಗ್ರಾಂ ಕೈಕೊಟ್ಟಿದೆ ಅಂದ್ರು,” ಭಾವನ ದನಿಯಲ್ಲಿ ಹಿಗ್ಗು. “ಕೊನೆಗೆ ನಿನ್ನ ಫೈಲೆಲ್ಲ ತೆಗೆದಿಟ್ಟು, ಉಳಿದದ್ದು ಪೂರ್ತಿ ಅಳಿಸಿ, ಹೊಸದಾಗಿ ಹಾಕಿದ್ವಿ. ಎರಡೂ ಹಾಕಿದೀವಮ್ಮ! ಇನ್ನು ಜಗಳವೇ ಇಲ್ಲ. ಆನ್ ಮಾಡಿದ ಕೂಡ್ಲೇ ಅದೇ ಕೇಳುತ್ತೆ, ಲಿನಕ್ಸೋ ವಿಂಡೋಸೋ ಅಂತ. ಯಾವುದು ಬೇಕೋ ಆರಿಸ್ಕೋ.”

ನನ್ನ ಕೈಯಿಂದ ಚಪ್ಪಲಿಯ ಡಬ್ಬ ಜಾರಿತು.

“ಬಾಯಿ ಬಿಟ್ಟು ಕೇಳುತ್ತಾ ಭಾವ?”

“ಇಲ್ಲ, ಪರದೆ ಮೇಲೆ ಬರುತ್ತಲ್ಲ, ಎರಡು ಸಾಲು...” ಎಂದವರು ಅಷ್ಟಕ್ಕೇ ನಿಲ್ಲಿಸಿದರು.

“ಅದು ಕೆಟ್ಟಿರಲಿಲ್ಲ,” ಎಂದೆ. “ಪರದೆ ಕಪ್ಪು ಮಾಡಿಟ್ಟಿದ್ದು ನಾನೇ. ಇಯರ್‌ಫೋನ್ ಸಿಕ್ಕಿಸೇ ಇತ್ತು, ಅದು ಮಾತಾಡಿದ್ದು ನಿಮಗೆ ಕೇಳಿಸಿಲ್ಲ ಅಷ್ಟೇ.”

“ಕಪ್ಪು ಪರದೆ ಇಟ್ಕೊಂಡು ಯಾರಾದ್ರೂ ಕೆಲಸ ಮಾಡ್ತಾರೇನೇ?” ಅಣ್ಣನ ಬಾಯಿಂದ ಬಂದೇಬಿಟ್ಟಿತು.

“ಹುಟ್ಟಿದಾಗಿನಿಂದ ನಾನು ಹಾಗೇ ಮಾಡ್ತಿರೋದು ಕಣೋ!”

ಮೈಯೆಲ್ಲ ಉರಿದುಹೋಯಿತು. ನನ್ನನ್ನು ಒಂದು ಮಾತು ಕೇಳಬೇಕು ಎಂದು ಇಬ್ಬರಲ್ಲಿ ಒಬ್ಬರಿಗೂ ತೋಚಲಿಲ್ಲವೇ? ಫೋನು ಇಬ್ಬರ ಜೇಬಿನಲ್ಲೂ ಇತ್ತು, ಚಪ್ಪಲಿ ಅಂಗಡಿ ಪಕ್ಕದ ಬೀದಿಯಲ್ಲೇ ಇತ್ತು. ಫೈಲುಗಳನ್ನು ಉಳಿಸಿದರಂತೆ. ನಾನು ಕಲಿಸಿದ ಪದಗಳು ಓದುವ ಪ್ರೋಗ್ರಾಮಿನ ಒಳಗಿದ್ದವು. ಅವು ಅದರ ಜೊತೆಗೇ ಮಣ್ಣುಪಾಲಾಗಿದ್ದವು. ಅಕ್ಕ ನನ್ನ ಹೆಗಲು ಹಿಡಿದುಕೊಂಡಳು. ನಾನು ಕೊಡವಿಕೊಂಡೆ.

ಅಷ್ಟಾದರೂ ಸುಮ್ಮನಿದ್ದರೇ?

“ಲಿನಕ್ಸಲ್ಲೂ ಓದೋ ಪ್ರೋಗ್ರಾಂ ಇದೆ. ಒಂದು ಕೀ ಒತ್ತಿದ್ರೆ ಸಾಕು,” ಎಂದು ಭಾವ ಮೆಲ್ಲಗೆ ಶುರುಮಾಡಿದರು.

“ಅವಳ ಕೈ ಪಳಗಿರೋದು ವಿಂಡೋಸಲ್ಲಿ. ಅದಕ್ಕೇ ನಾನು ಹೇಳಿದ್ದು, ಸುಮ್ನೆ ಅದೊಂದನ್ನೇ...”

“ಬಾಯಿ ಮುಚ್ಚಿ ಇಬ್ರೂ!”

ಭಾವನ ಎದುರು ಅದುವರೆಗೆ ನಾನು ದನಿ ಎತ್ತಿದವಳಲ್ಲ. ಬಚ್ಚಲುಮನೆಗೆ ಹೋಗಿ ಮೈ ಒರೆಸುವ ಟವೆಲ್ ತಂದು ಲ್ಯಾಪ್‌ಟಾಪಿನ ಪರದೆಗೆ ಮುಸುಕು ಹಾಕಿದೆ.

“ಈಗ ಆನ್ ಮಾಡಿ. ಮಾಡಿ ಹೇಳಿ, ಯಾವುದು ಒಳ್ಳೇದು ಅಂತ.”

ಅಣ್ಣ ಗುಂಡಿ ಒತ್ತಿದ. ಒಳಗಿನ ಫ್ಯಾನು ಗುಂಯ್ ಎಂದಿತು, ಅಷ್ಟೇ. ಮೇಲಿನ ಬಾಣದ ಕೀಯೋ ಕೆಳಗಿನದೋ ಎಂದು ತಡಕಾಡಿದ. ಏನೋ ಒತ್ತಿದ, ಎಲ್ಲಿಗೋ ಹೋಯಿತು, ಎಲ್ಲಿಗೆ ಎಂದು ಅವನಿಗೂ ತಿಳಿಯಲಿಲ್ಲ.

“ಭಾವ, ನೀವಾದ್ರೂ ಸ್ವಲ್ಪ ನೋಡಿ,” ಎಂದ.

ಭಾವ ನಿಜಕ್ಕೂ ನೋಡಲು ಹೋದರು. ಅಕ್ಕ ಅವರ ಕೈಗೆ ಫಟ್ಟೆಂದು ಹೊಡೆದದ್ದು ನನಗೆ ಕೇಳಿಸಿತು. “ಟವೆಲ್ ಎತ್ತಬೇಡ್ರೀ!” ಎಂದಳು.

ಸಾಕಷ್ಟು ಬೆವರಿಳಿದ ಮೇಲೆ ನಾನೇ ಟವೆಲ್ ತೆಗೆದೆ. ಆನ್ ಮಾಡಿದರೆ ಏನನ್ನೂ ಕೇಳದೆ ಸೀದಾ ವಿಂಡೋಸಿಗೇ ಹೋಗುವಂತೆ ಮಾಡಿಸಿದೆ, ಓದುವ ಪ್ರೋಗ್ರಾಂ ಮತ್ತೆ ಹಾಕಿಸಿದೆ. ಅದು ಮೊದಲ ಔಷಧಿಯ ಹೆಸರನ್ನೇ ಚಿಂದಿ ಮಾಡಿ ಓದಿತು. ಅಳು ಬಂತು, ಸಿಟ್ಟಿಗೇ ಬಂದ ಅಳು ಅದು. ತೀರಾ ಬೇಕಾದ ಒಂದಷ್ಟು ಪದಗಳನ್ನು ಕಲಿಸಿ ಮಲಗಿದೆ.

ಸೋಮವಾರ ಅಣ್ಣ, ಭಾವ ಇಬ್ಬರೂ ಜೊತೆಗೆ ಬಂದರು. ಬೇಡವೆಂದರೂ ಬಂದು ಪರೀಕ್ಷೆಯ ಕೋಣೆಯ ಬಾಗಿಲಲ್ಲೇ ನಿಂತರು. ಒಳಗೆ ಫಿನಾಯಿಲ್ ವಾಸನೆ, ಪಕ್ಕದ ಮೇಜುಗಳಲ್ಲಿ ಆಗಲೇ ಕೀಲಿಮಣೆಗಳ ಟಕಟಕ. ನಾನು ಲ್ಯಾಪ್‌ಟಾಪ್ ತೆಗೆದು, ಪರದೆ ಕಪ್ಪು ಮಾಡಿ, ಇಯರ್‌ಫೋನ್ ಸಿಕ್ಕಿಸಿಕೊಂಡು, ಹೆಸರು, ನಂಬರು ಟೈಪ್ ಮಾಡಿದೆ. ಮೇಲ್ವಿಚಾರಕರ ಬೂಟು ನನ್ನ ಮೇಜಿನ ಹತ್ತಿರ ನಿಂತಿತು.

“ನಿಮ್ಮ ಕಂಪ್ಯೂಟರ್ ಆಫ್ ಆಗಿದೆಯಮ್ಮ.”

“ಇಲ್ಲ ಸರ್, ಆನ್ ಇದೆ. ಪರದೆ ಮಾತ್ರ ಕಪ್ಪು ಮಾಡಿದೀನಿ.”

“ಪೂರ್ತಿ ಕಪ್ಪಗಿದೆಯಮ್ಮ. ಪಾಪ, ನಿಮಗೆ ಗೊತ್ತಾಗ್ತಿಲ್ಲ. ಇರಿ, ನಾನು ಆನ್ ಮಾಡಿಕೊಡ್ತೀನಿ.”

ಅವರ ಅಂಗಿಯ ತೋಳು ನನ್ನ ಮಣಿಕಟ್ಟಿಗೆ ತಾಗಿತು. ಕೈ ಗುಂಡಿಯ ಕಡೆ ಹೊರಟಿತ್ತು.

“ಆನ್ ಇದೆ ಅಂದ್ನಲ್ಲ ಸರ್!”

ಕೈ ನಿಲ್ಲಲಿಲ್ಲ. ಅಷ್ಟರಲ್ಲಿ ಬಾಗಿಲಿನಿಂದ ಇಬ್ಬರೂ ಒಟ್ಟಿಗೇ ಕೂಗಿದರು. “ಮುಟ್ಟಬೇಡಿ!”

“ಆನ್ ಇದೆ ಸರ್ ಅದು,” ಎಂದ ಅಣ್ಣ.

ಕೈ ತಟ್ಟನೆ ಹಿಂದಕ್ಕೆ ಹೋಯಿತು. “ಓ, ಹೌದಾ? ಸಾರಿ ಸರ್,” ಎಂದರು ಮೇಲ್ವಿಚಾರಕರು. ಹೇಳಿದ್ದು ನನಗಲ್ಲ, ಬಾಗಿಲ ಕಡೆಗೆ. ಕಂಪ್ಯೂಟರಿನ ಮುಂದೆ ಕೂತವಳ ಮಾತು ಅವರ ಕಿವಿಗೇ ಬೀಳಲಿಲ್ಲ. ಹಿಂದಿನ ದಿನವಷ್ಟೇ ಆ ಕಂಪ್ಯೂಟರನ್ನು ಅಳಿಸಿ ಗುಡಿಸಿಹಾಕಿದ್ದ ಅಣ್ಣ ಒಮ್ಮೆ ಹೇಳಿದ್ದು ಸಾಕಾಯಿತು.

ನಾನು ಇಯರ್‌ಫೋನಿನ ವೈರು ಕಿತ್ತೆ. ಒಂದು ಕೀ ಒತ್ತಿದೆ. ಕಪ್ಪು ಪರದೆಯಿಂದ ಹೆಣ್ಣುದನಿಯೊಂದು ಇಡೀ ಕೋಣೆಗೆ ಕೇಳುವಂತೆ ನನ್ನ ಹೆಸರನ್ನೂ ನನ್ನ ಪರೀಕ್ಷೆಯ ನಂಬರನ್ನೂ ಓದಿತು. ಪಕ್ಕದ ಟಕಟಕ ನಿಂತುಹೋಯಿತು.

“ಸಾರಿ ಹೇಳಬೇಕಾದ್ದು ಈ ಕಡೆ ಸರ್,” ಎಂದೆ. “ಹೇಳಿಯಾದ ಮೇಲೆ ಆ ಇಬ್ಬರನ್ನ ಹೊರಗೆ ಕಳಿಸಿ, ಬಾಗಿಲು ಹಾಕಿ.”

ಅವರು ಹೇಳಿದರು. ಬಾಗಿಲೂ ಹಾಕಿದರು.

ಕೆಲಸ ಸಿಕ್ಕಿತು. ಕೋಣೆಯೂ ಸಿಕ್ಕಿದೆ. ಈಗ ಭಾನುವಾರ ಎಲ್ಲರೂ ನನ್ನಲ್ಲಿಗೇ ಊಟಕ್ಕೆ ಬರುತ್ತಾರೆ, ಆ ಜಗಳವೂ ಅವರ ಜೊತೆ ಬರುತ್ತದೆ. ಲ್ಯಾಪ್‌ಟಾಪ್ ಮೇಜಿನ ಮೇಲೆ ಕಪ್ಪಗೆ ಕೂತಿರುತ್ತದೆ. ಪಾಸ್‌ವರ್ಡ್ ಬದಲಾಯಿಸಿದ್ದೇನೆ. ಅದರೊಳಗೆ ಈಗ ಯಾವ ಸಿಸ್ಟಮ್ ಇದೆ ಎಂದು ಇಬ್ಬರೂ ಪ್ರತಿ ವಾರ ಕೇಳುತ್ತಾರೆ. ನಾನು ಇನ್ನೂ ಹೇಳಿಲ್ಲ.