ಪಾಪಯ್ಯನ ಕಣ್ಣಿನ ಮೇಲಿನ ಕರಿ ಪಟ್ಟಿ

ಡಾಕ್ಟರುಗಳಿಗೂ ಪಾಠ ನಡೆಯುತ್ತದೆ ಎಂದು ಕೇಳಿದಾಗ ಬೈರಮ್ಮನಿಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಬಿಳಿ ಕೋಟಿನ ದೊಡ್ಡ ಮನುಷ್ಯರು ಮಕ್ಕಳ ಹಾಗೆ ಸಾಲಾಗಿ ಕೂತು ಪಾಠ ಕೇಳುವುದನ್ನು ನೆನೆಸಿಕೊಂಡು ನಗು. ಆ ಪಾಠ ಒಂದು ತಿಂಗಳು ಮೊದಲೇ ನಡೆದಿದ್ದರೆ ತನ್ನ ಗಂಡ ಹೀಗೆ ಊರ ಬಾಯಿಗೆ ಬೀಳುತ್ತಿರಲಿಲ್ಲವಲ್ಲ ಎಂದು ಸಿಟ್ಟು.

ಸುದ್ದಿ ಹೇಳಿದವರು ಚಂದ್ರಲೇಖಾ, ಊರಿಗೆ ಹತ್ತಿರದ ಆರೋಗ್ಯ ಕೇಂದ್ರದ ಡಾಕ್ಟರು. ಬಾಗಲೂರು ಕಡೆಯ ಹುಡುಗಿ. ವಯಸ್ಸು ಚಿಕ್ಕದು, ಮಾತು ಮೆದು. ಅದಕ್ಕೇ ಊರವರು ಆಕೆಯ ಮಾತ್ರೆ ನುಂಗುತ್ತಿದ್ದರೇ ಹೊರತು ಮಾತು ನಂಬುತ್ತಿರಲಿಲ್ಲ.

"ಭಾನುವಾರ ಹೊಸೂರಲ್ಲಿ ನಮಗೆ ಕ್ಲಾಸ್ ಇದೆ ಬೈರಮ್ಮ. ದಿನಾ ನೋಡೋ ಕಾಯಿಲೆಗಳ ಬಗ್ಗೇನೇ. ಶುಗರು, ಬಿಪಿ ಇಂಥವು. ಓದು ಮುಗೀತು ಅಂತ ನಾವು ಸುಮ್ನೆ ಕೂರೋ ಹಾಗಿಲ್ಲ, ಕಲೀತಾನೇ ಇರ್ಬೇಕು. ಈ ಸಲ ನಾನು ಪಾಪಯ್ಯನವರ ವಿಷಯ ಮಾತಾಡ್ತೀನಿ. ನೀವಿಬ್ರೂ ಬನ್ನಿ."

"ಆ ನರಸಿಂಹಪ್ಪ ಡಾಕ್ಟ್ರು ಬತ್ತಾರಾ?"

"ಅವರೇ ಅಧ್ಯಕ್ಷರು."

"ಹಂಗಾದ್ರೆ ಬತ್ತೀವಿ," ಅಂದಳು ಬೈರಮ್ಮ.

ಬೈರಮ್ಮನ ಊರು ತಮಿಳುನಾಡಿಗೆ ಸೇರಿದ ಡೆಂಕಣಿಕೋಟೆಯ ಆಚೆ, ಕಾಡಿನ ಅಂಚಿನಲ್ಲಿದೆ. ರಾಗಿ ತೆನೆ ಬಲಿತಿತೆಂದರೆ ಕಾಡಿನಿಂದ ಆನೆಗಳು ಹೇಳಿ ಕಳಿಸಿದ ಹಾಗೆ ಬರುತ್ತವೆ. ಅದಕ್ಕೇ ಅಲ್ಲಿ ಕಾವಲಿಗೆ ಸರದಿ ಉಂಟು. ಮನೆಗೊಬ್ಬ ಗಂಡಸು ಸರದಿಯ ಪ್ರಕಾರ ಅಟ್ಟಣೆ ಹತ್ತಬೇಕು, ತಗಡು ಬಡಿಯಬೇಕು, ಪಟಾಕಿ ಹಚ್ಚಬೇಕು. ಆಳು ಕಳಿಸದ ಮನೆಯ ಹೊಲಕ್ಕೆ ಆನೆ ನುಗ್ಗಿದರೆ ಯಾರೂ ತಗಡು ಮುಟ್ಟುವುದಿಲ್ಲ. ಇನ್ನೊಂದು ಕಟ್ಟಳೆಯೂ ಉಂಟು. ಉಂಡು ಅಟ್ಟಣೆ ಹತ್ತಬಾರದು. ಮುದ್ದೆ ಹೊಟ್ಟೆಗೆ ಬಿದ್ದರೆ ಕಣ್ಣು ಎಳೆಯುತ್ತದೆ, ಕಣ್ಣು ಎಳೆದರೆ ಬೆಳೆ ಹೋಯಿತು. ಹಾಗಾಗಿ ಬುತ್ತಿಯನ್ನು ಅಟ್ಟಣೆಯ ಕಂಬಕ್ಕೆ ನೇತುಹಾಕಿ, ಕೋಳಿ ಕೂಗಿದ ಮೇಲೆಯೇ ಬಿಚ್ಚುತ್ತಾರೆ. ಅಜ್ಜಂದಿರ ಕಾಲದಿಂದಲೂ ಹೀಗೇ ನಡೆದುಬಂದಿದೆ, ಯಾರಿಗೂ ಏನೂ ಆಗಿರಲಿಲ್ಲ. ಅಜ್ಜಂದಿರಿಗೆ ಶುಗರಿನ ಮಾತ್ರೆ ಇರಲಿಲ್ಲ, ಅಷ್ಟೇ.

ಪಾಪಯ್ಯನಿಗೆ ಇತ್ತು. ಬೇಸಿಗೆಯಲ್ಲಿ ಕಾಯಿಲೆ ಗೊತ್ತಾಗಿ, ರಾತ್ರಿ ಊಟಕ್ಕೆ ಅರ್ಧ ಗಂಟೆ ಮುಂಚೆ ಒಂದು ಮಾತ್ರೆ ಎಂದು ಚಂದ್ರಲೇಖಾ ಹೇಳಿದ್ದರು. ಪಾಪಯ್ಯ ಹೇಳಿದ ಮಾತು ಮೀರುವ ಆಸಾಮಿಯಲ್ಲ. ಮಾತ್ರೆ ಶುರುವಾದ ಮೇಲೆ ಬಂದ ಮೊದಲ ಸರದಿಯ ದಿನ, ಎಂದಿನಂತೆ ದೀಪ ಹಚ್ಚುವ ಹೊತ್ತಿಗೆ ಮಾತ್ರೆ ನುಂಗಿ ಅಟ್ಟಣೆ ಹತ್ತಿದ. ಮುದ್ದೆ ಕಂಬದಲ್ಲೇ ಉಳಿಯಿತು.

ಸರಿರಾತ್ರಿಗೆ ಮೈಯೆಲ್ಲ ಬೆವೆತು, ಏನೇನೋ ಬಡಬಡಿಸಿ ಬಿದ್ದುಬಿಟ್ಟ. ಜೊತೆಗೆ ಕಾವಲಿದ್ದವನು ಮುತ್ತರಾಯಪ್ಪ, ಪಾಪಯ್ಯನಿಗೆ ಚಿಕ್ಕಪ್ಪನ ಮಗ, ಊರಿನ ಟೆಂಪೋ ಅವನದೇ. ಮೈ ತಣ್ಣಗಾಗಿದ್ದು ನೋಡಿ ಶೀತ ಹತ್ತಿತೆಂದುಕೊಂಡು, ತನ್ನ ಸೊಂಟದಲ್ಲಿದ್ದ ಬ್ರಾಂದಿಯನ್ನು ಅಣ್ಣನ ಬಾಯಿಗೆ ಹುಯ್ದ. ಅರ್ಧ ಒಳಗೆ, ಅರ್ಧ ಅಂಗಿಯ ಮೇಲೆ. ಶನಿವಾರ ನಾಮವಿಡದೆ ನೀರು ಮುಟ್ಟದ ಮನುಷ್ಯನ ಮೈ ಹೆಂಡದಂಗಡಿಯಂತೆ ನಾರತೊಡಗಿತು.

ಹೊಸೂರಿನ ದೊಡ್ಡ ಖಾಸಗಿ ಆಸ್ಪತ್ರೆಗೆ ಟೆಂಪೋದಲ್ಲಿ ಒಯ್ದರು. ನರಸಿಂಹಪ್ಪ ಡಾಕ್ಟರು ಬಗ್ಗಿದರು, ಮೂಗು ಸಿಂಡರಿಸಿದರು, ನೆಟ್ಟಗಾದರು. "ಕುಡಿದು ಬಿದ್ದವನನ್ನ ಹೊತ್ತು ತಂದಿದೀರಲ್ಲಪ್ಪಾ. ಇಳಿಯೋವರೆಗೂ ಮಲಗಿರ್ಲಿ." ಊರವರೆಲ್ಲ ಅಲ್ಲೇ ನಿಂತಿದ್ದರು. ಬೆರಳಿಗೆ ಒಂದು ಸೂಜಿ ಚುಚ್ಚಿ ನೋಡಿದವರಿಲ್ಲ. ಊರವರು ಛೀ ಥೂ ಎಂದು ಟೆಂಪೋ ಹತ್ತಿ ವಾಪಸ್ಸಾದರು. ಗಂಡನ ಹತ್ತಿರ ಬೈರಮ್ಮ ಒಬ್ಬಳೇ ಉಳಿದಳು. ಬೆಳಗಾದರೂ ಪಾಪಯ್ಯ ಕಣ್ಣು ಬಿಡಲಿಲ್ಲ. ಬೈರಮ್ಮ ಯಾರನ್ನೂ ಕೇಳಲಿಲ್ಲ. ಗಂಡನನ್ನು ತಬ್ಬಿ ಎತ್ತಿ ಆಟೋಗೆ ಹಾಕಿಕೊಂಡು ಚಂದ್ರಲೇಖಾ ಹತ್ತಿರ ಓಡಿದಳು. ಆಕೆ ಬೆರಳು ಚುಚ್ಚಿ ನೋಡಿ, ಉಣ್ಣದೆ ಮಾತ್ರೆ ನುಂಗಿ ರಕ್ತದ ಸಕ್ಕರೆ ಪೂರ್ತಿ ಇಳಿದುಹೋಗಿದೆ ಎಂದವರೇ ನರ್ಸನ್ನು ಕೂಗಿದರು. ನರಕ್ಕೆ ಸಕ್ಕರೆ ನೀರು ಏರುತ್ತಿದ್ದಂತೆ ಪಾಪಯ್ಯ ಕಣ್ಣು ಬಿಟ್ಟು, "ಆನೆ ಹೋಯ್ತಾ?" ಎಂದು ಕೇಳಿದ.

ಜೀವ ಉಳಿಯಿತು. ಆದರೆ ಅಂದಿನಿಂದ ಮಾತು ತಡವರಿಸತೊಡಗಿತು. ನಿಧಾನಕ್ಕೆ ಸರಿಹೋಗಬಹುದು ಎಂದರು ಡಾಕ್ಟರಮ್ಮ. ಊರವರು, "ಇನ್ನೂ ಇಳಿದಿಲ್ಲ ನೋಡು," ಎಂದು ನಕ್ಕರು. ಕುಡುಕನ ಕೈಗೆ ಪಟಾಕಿ ಕೊಡುವುದು ಹೇಗೆಂದು ಅವನ ಮನೆಯನ್ನು ಸರದಿಯಿಂದಲೇ ಕೈಬಿಟ್ಟರು. ಬ್ರಾಂದಿ ಯಾರದೆಂದು ಬೈರಮ್ಮ ಬೀದಿಯಲ್ಲಿ ನಿಂತು ಕೂಗಿದಳು. ಮುತ್ತರಾಯಪ್ಪ, "ನನ್ನತ್ರ ಎಲ್ಲಿತ್ತು ಅತ್ತಿಗೆ?" ಎಂದುಬಿಟ್ಟ. ಶುಗರಿನ ವಿಷಯ ಹೇಳಿದರೆ, "ಹೊಸೂರ ಡಾಕ್ಟ್ರೇ ಹೇಳವ್ರೆ, ಇದರ ಮೇಲೆ ಇನ್ನೇನು?" ಎಂದರು. ಅತ್ತ ಹೊಲದಲ್ಲಿ ರಾಗಿ ತೆನೆಯ ಭಾರಕ್ಕೆ ಬಾಗಿತ್ತು. ಕಾಡಿಗೆ ಎಲ್ಲಕ್ಕಿಂತ ಹತ್ತಿರದ ಹೊಲ ಅವರದೇ.

ಭಾನುವಾರ ಮಧ್ಯಾಹ್ನ ಬೈರಮ್ಮ ಮುತ್ತರಾಯಪ್ಪನ ಬಾಗಿಲಲ್ಲಿ ನಿಂತಳು. "ಅವತ್ತು ಕರ್ಕೊಂಡೋದೋನು ನೀನು, ಇವತ್ತೂ ನೀನೇ ಬಾ." ಅವನು ನೂರು ನೆಪ ಹೇಳಿದ. ಅಲ್ಲಿ ಬಂದವರಿಗೆಲ್ಲ ಬಿರಿಯಾನಿ ಊಟವಂತೆ ಎಂದು ಅವಳು ಗಾಳಿಯಲ್ಲಿ ಒಂದು ಮಾತು ತೇಲಿಬಿಟ್ಟ ಮೇಲೆ ನೆಪಗಳು ಮುಗಿದವು.

ಪಾಠ ನಡೆಯುವುದು ಹೋಟೆಲಿನ ಮಹಡಿಯ ಹಾಲಿನಲ್ಲಿ. ಒಳಗೆ ಮಾರ್ಗಶಿರದ ಚಳಿಗಿಂತ ಹೆಚ್ಚು ತಣ್ಣಗಿತ್ತು. ಡಾಕ್ಟರುಗಳು ಬಿಸ್ಕತ್ತು ಕಡಿಯುತ್ತಾ, ಫೋನು ನೋಡುತ್ತಾ, ಹಿಂದಿನ ಸಾಲಿನಲ್ಲಿ ಆಕಳಿಸುತ್ತಾ ಥೇಟ್ ಶಾಲೆ ಮಕ್ಕಳ ಹಾಗೇ ಕೂತಿದ್ದರು. ಬೈರಮ್ಮನಿಗೆ ಅದು ಕಂಡು ಎದೆಯ ಅಳುಕು ಅರ್ಧ ಇಳಿಯಿತು. ಮೂವರೂ ಕೊನೆಯ ಸಾಲಿನಲ್ಲಿ ಕೂತರು. ವೇದಿಕೆಯ ನಡುವಿನ ಕುರ್ಚಿಯಲ್ಲಿ ನರಸಿಂಹಪ್ಪ ಡಾಕ್ಟರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು.

ಚಂದ್ರಲೇಖಾ ಮಾತು ಶುರುಮಾಡಿದರು. ತಮಿಳು, ಇಂಗ್ಲಿಷು ಬೆರೆಸಿ ಹೇಳುತ್ತಿದ್ದರು. ಇಂಗ್ಲಿಷು ಬಿಟ್ಟುಹೋದರೂ ತಮಿಳಿನಲ್ಲಿ ಸಂಗತಿ ಬೈರಮ್ಮನ ಕೈಗೆ ಸಿಗುತ್ತಿತ್ತು. ಗೋಡೆಯ ಮೇಲೆ ಪಾಪಯ್ಯನ ಫೋಟೋ ಬಂತು. ಅದೇ ಅಂಗಿ, ಅದೇ ಮೀಸೆ, ಆದರೆ ಕಣ್ಣಿಗೆ ಅಡ್ಡಲಾಗಿ ಒಂದು ಕರಿ ಪಟ್ಟಿ. ಹೆಸರಿಲ್ಲ. "ಒಬ್ಬ ರೈತ" ಎಂದರು. "ಮೊದಲು ಒಂದು ಖಾಸಗಿ ಆಸ್ಪತ್ರೆಗೆ ಒಯ್ದಿದ್ದರು" ಎಂದರು. ಆಸ್ಪತ್ರೆಗೂ ಹೆಸರಿಲ್ಲ.

"ತಪ್ಪು ನನ್ನಿಂದಲೇ ಶುರು," ಎಂದರು ಚಂದ್ರಲೇಖಾ. "ಊಟಕ್ಕೆ ಮುಂಚೆ ಮಾತ್ರೆ ಅಂದೆ. ಊಟ ಯಾವಾಗ ಮಾಡ್ತೀರಿ ಅಂತ ಕೇಳಲಿಲ್ಲ. ಈ ಕಡೆ ಕಾವಲಿಗೆ ಹೋಗೋರು ಹಸಿದೇ ಇರ್ತಾರೆ ಅಂತ ನನಗೆ ಗೊತ್ತಿರಬೇಕಿತ್ತು."

ಮುಂದಿನ ಸಾಲಿನ ಒಬ್ಬರು ಕೈಯೆತ್ತಿದರು. "ಬಾಯಲ್ಲಿ ಬ್ರಾಂದಿ ವಾಸನೆ ಇತ್ತು ಅಂತೀರಿ. ಯಾರಾದ್ರೂ ಕುಡಿದವನು ಅಂತಾನೇ ತಾನೆ ಅಂದ್ಕೊಳ್ಳೋದು?" ಕೆಲವರು ನಕ್ಕರು. ಕುರ್ಚಿಯಲ್ಲಿದ್ದ ನರಸಿಂಹಪ್ಪನವರೂ ನಕ್ಕು, "ಸಂಜೆಯಾದ್ರೆ ನಮ್ಮ ರೈತರ ಕಥೆ ಗೊತ್ತೇ ಇದೆಯಲ್ಲ," ಎಂದು ಹೆಬ್ಬೆರಳನ್ನು ಬಾಯಿಗೆ ಹಿಡಿದು ತೋರಿಸಿದರು.

ಆ ಹೆಬ್ಬೆರಳು ಬೈರಮ್ಮನ ಎದೆಗೇ ನಾಟಿತು. ಅವಳು ಎದ್ದು ನಿಂತಳು.

"ಆ ಕರಿ ಪಟ್ಟಿ ತೆಗೀರಿ."

ಎಲ್ಲರೂ ತಿರುಗಿ ನೋಡಿದರು. ಯಾರೋ ಒಬ್ಬರು ಬಂದು ತಮಿಳಿನಲ್ಲಿ ಕೂತುಕೊಳ್ಳಮ್ಮ ಎಂದರು. ಅವಳು ಕೂರಲಿಲ್ಲ. ಅದು ನಿಯಮ, ರೋಗಿಯ ಗುರುತು ಯಾರಿಗೂ ಸಿಗಬಾರದು, ಅವರ ಮರ್ಯಾದೆ ಕಾಪಾಡಲಿಕ್ಕೇ ಹಾಗೆ ಮಾಡುವುದು ಎಂದು ಚಂದ್ರಲೇಖಾ ವೇದಿಕೆಯಿಂದಲೇ ಕನ್ನಡದಲ್ಲಿ ತಿಳಿಹೇಳಿದರು.

"ಮರ್ವಾದೆ ಹೋಗ್ಬಾರ್ದು ಅಂತ ಮುಚ್ಚಿದೀರಾ? ಅದು ಆಗ್ಲೇ ಹೋಗ್ಬುಟ್ಟೈತಲ್ಲ ತಾಯಿ!" ಬೈರಮ್ಮನ ದನಿ ಹೊಲದಿಂದ ಹೊಲಕ್ಕೆ ಕೂಗಿ ಪಳಗಿದ ದನಿ, ಅದಕ್ಕೆ ಮೈಕು ಬೇಕಿರಲಿಲ್ಲ. "ಟೀವಿಯಾಗೆ ಕಳ್ಳರ ಮುಖಕ್ಕೆ ಬಟ್ಟೆ ಮುಚ್ತಾರೆ. ನನ್ನ ಗಂಡ ಏನು ಕದ್ದವ್ನೆ? ಕುಡುಕ ಅಂತ ಅಂದಾಗ ಯಾವ ಪಟ್ಟೀನೂ ಇರ್ಲಿಲ್ಲ, ಹೆಸರು ಹಿಡಿದೇ ಅಂದ್ರು. ಕುಡುಕ ಅಲ್ಲ ಅನ್ನೋವಾಗ ಮಾತ್ರ ಹೆಸರೂ ಇಲ್ಲ, ಕಣ್ಣೂ ಇಲ್ವಾ?"

ಚಂದ್ರಲೇಖಾ ಇಳಿದು ಕೊನೆಯ ಸಾಲಿನವರೆಗೂ ಬಂದರು. ಪಾಪಯ್ಯನ ಎದುರು ಬಗ್ಗಿ ನಿಂತರು. "ಕೇಳಬೇಕಾದ್ದು ನಿಮ್ಮನ್ನ. ಮುಖ ತೋರಿಸ್ಲಾ? ಹೆಸರು ಹೇಳ್ಲಾ?"

ಪಾಪಯ್ಯ ಹೂಂ ಎಂದು ತಲೆಯಾಡಿಸಿದ. ವೇದಿಕೆಯ ಮೇಲಿನಿಂದ ನರಸಿಂಹಪ್ಪ, "ಬೇಡ ಡಾಕ್ಟರ್, ಇದು ಸರಿಯಿಲ್ಲ," ಎಂದರು. ಚಂದ್ರಲೇಖಾ ಅವರ ಮುಖ ಕೆಂಪಗಾಯಿತು. ನಾಳೆ ಇದೇ ಸೀಮೆಯಲ್ಲಿ, ಇದೇ ಹಿರಿಯರ ನಡುವೆ ಬಾಳಬೇಕಾದ ಹುಡುಗಿ. ಆದರೂ ನೆಟ್ಟಗೆ ಹೋಗಿ ಲ್ಯಾಪ್‌ಟಾಪಿನ ಗುಂಡಿ ಒತ್ತಿದರು. ಪಟ್ಟಿ ಹೋಯಿತು. ಗೋಡೆಯ ಮೇಲೆ ಪಾಪಯ್ಯನ ಕಣ್ಣುಗಳು ಅಷ್ಟಗಲ ಬಿಟ್ಟುಕೊಂಡವು.

ಪಾಪಯ್ಯ ತಾನಾಗಿ ಎದ್ದ. "ನಾ... ನಾನು ಪಾ... ಪಾ..." ತಿಂಗಳಿನಿಂದ ಅವನ ಮಾತು ತಾನೇ ಮುಗಿಸಿ ಬೈರಮ್ಮನಿಗೆ ಅಭ್ಯಾಸವಾಗಿತ್ತು. ಅವಳು ತುಟಿ ಕಚ್ಚಿ ಹಿಡಿದಳು. "ಪಾಪಯ್ಯ. ನಾನು ಕು... ಕುಡಿಯಲ್ಲ."

ನರಸಿಂಹಪ್ಪ ಗೋಡೆಯ ಮೇಲಿನ ಮುಖವನ್ನೂ ಎದುರಿನ ಮುಖವನ್ನೂ ನೋಡಿದರು. ಗುರುತು ಹತ್ತಿತು, ಅದು ಹತ್ತಿದ್ದು ಎಲ್ಲರಿಗೂ ಕಾಣಿಸಿತು. ಆದರೆ ಎಷ್ಟೋ ಸಭೆ ಕಂಡ ಮನುಷ್ಯ. ಅತಿಥಿಗಳಿಗೆಂದು ತಂದಿಟ್ಟಿದ್ದ ಶಾಲು, ಹಣ್ಣಿನ ತಟ್ಟೆ ಎತ್ತಿಕೊಂಡು ನಗುತ್ತಾ ಕೆಳಗಿಳಿದರು. ಇಂಥ ಧೈರ್ಯವಂತರಿಗೆ ಸನ್ಮಾನ ಮಾಡಬೇಕು ಎಂದು ಗಟ್ಟಿಯಾಗಿ ಹೇಳಿ, ಹತ್ತಿರ ಬಂದು ಮೆಲ್ಲಗೆ, "ಊಟ ಆದ್ಮೇಲೆ ಒಳಗೆ ಕೂತು ಮಾತಾಡೋಣಮ್ಮ," ಎಂದರು.

ಬೈರಮ್ಮ ಶಾಲನ್ನು ಅಂಗೈಯಿಂದ ಹಿಂದಕ್ಕೆ ತಳ್ಳಿದಳು. "ಇದೂ ಒಂದು ಪಟ್ಟೀನೇ ಸ್ವಾಮಿ. ವಸಿ ಅಗಲ ಐತೆ, ಅಷ್ಟೇ. ನೀವು ಅಂದಿದ್ದು ಜನದ ಮುಂದೆ. ವಾಪಸ್ ತಗೊಳ್ಳೋದೂ ಜನದ ಮುಂದೇನೇ. ಅಗೋ, ಅವ್ನು ನಮ್ಮೂರ ಮುತ್ತರಾಯಪ್ಪ, ಅವತ್ತು ಕಿವಿಯಾರೆ ಕೇಳ್ದೋನು. ಅವ್ನಿಗೆ ಕೇಳೋ ಹಂಗೆ, ನಮ್ಮ ಮಾತ್ನಾಗೆ ಹೇಳಿ."

ನರಸಿಂಹಪ್ಪ ಸುತ್ತ ನೋಡಿದರು. ಆಗ ನಕ್ಕಿದ್ದವರು ಈಗ ನಗುತ್ತಿರಲಿಲ್ಲ. ತನ್ನ ತಪ್ಪನ್ನು ಮೈಕಿನಲ್ಲೇ ಹೇಳಿ ಮುಗಿಸಿದ್ದ ಚಂದ್ರಲೇಖಾ ಅವರನ್ನೇ ನೋಡುತ್ತಾ ಮೈಕು ಮುಂದೆ ಚಾಚಿದರು. ನರಸಿಂಹಪ್ಪ ಅದನ್ನು ತೆಗೆದುಕೊಂಡರು.

"ಅವತ್ತು ಬೆರಳಿಗೆ ಸೂಜಿ ಚುಚ್ಚಿ ನೋಡ್ಬೇಕಿತ್ತು. ನಾನು ನೋಡ್ಲಿಲ್ಲ. ವಾಸನೆ ಹಿಡಿದು ಮಾತಾಡ್ಬಿಟ್ಟೆ. ಈ ಪಾಪಯ್ಯನವರು ಕುಡಿದು ಬಿದ್ದಿದ್ದಲ್ಲ. ಸಕ್ಕರೆ ಇಳಿದು ಬಿದ್ದಿದ್ದು. ತಪ್ಪು ನಂದು."

ಮನಸಾರೆ ಹೇಳಿದರೋ, ಬೇರೆ ದಾರಿ ಕಾಣದೆ ಹೇಳಿದರೋ ಎಂದು ಬೈರಮ್ಮ ಅಳೆಯಲು ಹೋಗಲಿಲ್ಲ. ಗಂಡನ ತೋಳು ಹಿಡಿದು ಹೊರಗೆ ನಡೆದಳು. ಮುತ್ತರಾಯಪ್ಪ ಬಿರಿಯಾನಿಯ ಕಡೆ ತಿರುಗಿಯೂ ನೋಡದೆ ಹಿಂದೆ ಬಂದ.

ದಾರಿಯುದ್ದಕ್ಕೂ ಅವನು ತುಟಿ ಬಿಚ್ಚಲಿಲ್ಲ. ಬ್ರಾಂದಿ ಯಾರದೆಂದು ಹೇಳಲು ಈ ಬಾಯಿ ತಾನಾಗಿ ತೆರೆಯದಿದ್ದರೆ ಊರು ಇನ್ನೂ ಅನುಮಾನಿಸುತ್ತದೆಂದು ಬೈರಮ್ಮನಿಗೆ ಗೊತ್ತಿತ್ತು, ಆದರೂ ಬೇಡುವ ಮನಸ್ಸಾಗಲಿಲ್ಲ. ಡೆಂಕಣಿಕೋಟೆ ದಾಟಿದ ಮೇಲೆ ಪಾಪಯ್ಯನೇ ತಮ್ಮನ ತೊಡೆ ತಟ್ಟಿ, "ನೀನು ಒ... ಒಳ್ಳೇದಕ್ಕೇ ಹುಯ್ದೆ ಕಣ್ಲಾ," ಎಂದ. ಮುತ್ತರಾಯಪ್ಪ ಟೆಂಪೋ ಪಕ್ಕಕ್ಕೆ ನಿಲ್ಲಿಸಿ ಸ್ಟಿಯರಿಂಗಿನ ಮೇಲೆ ತಲೆಯಿಟ್ಟ. ಸ್ವಲ್ಪ ಹೊತ್ತಿನ ಮೇಲೆ ಮೂಗೊರೆಸಿಕೊಂಡು ಗಾಡಿ ಎಬ್ಬಿಸಿದವನು ಮನೆಯ ಕಡೆ ತಿರುಗಿಸದೆ ನೇರ ಹೊಲದ ಕಡೆ ಬಿಟ್ಟ.

ಹೊತ್ತು ಮುಳುಗುತ್ತಿತ್ತು. ಅಟ್ಟಣೆಯ ಬುಡದಲ್ಲಿ ಕಾವಲಿನವರು ಸೇರಿದ್ದರು. ಮುತ್ತರಾಯಪ್ಪ ಇಳಿದವನೇ ಅವರ ನಡುವೆ ಹೋಗಿ ನಿಂತ. "ಬ್ರಾಂದಿ ನಂದು. ಅಣ್ಣನ ಬಾಯಿಗೆ ಹುಯ್ದೋನು ನಾನೇ. ಹೆದರ್ಕೊಂಡು ಸುಳ್ಳು ಹೇಳ್ದೆ. ಹೊಸೂರ ಡಾಕ್ಟ್ರು ಇವತ್ತು ತಪ್ಪಾಯ್ತು ಅಂತ ಮೈಕ್ನಾಗೆ ಹೇಳಿದ್ರು, ನಾನೇ ಕೇಳಿವ್ನಿ."

ಕಾವಲಿನ ಹಿರಿಯ ದೊಡ್ಡಣ್ಣ ಎದ್ದು ತಗಡು, ಬಡಿಗೆ ಎರಡನ್ನೂ ಪಾಪಯ್ಯನ ಕೈಗೆ ಕೊಟ್ಟ. "ಹತ್ತಪ್ಪ," ಎಂದ.

"ಇರಿ," ಎಂದಳು ಬೈರಮ್ಮ. ತಗಡನ್ನು ಕಿತ್ತು ಪಕ್ಕಕ್ಕಿಟ್ಟಳು. ಹೊರಡುವಾಗಲೇ ಕಟ್ಟಿ ಟೆಂಪೋದಲ್ಲಿಟ್ಟಿದ್ದ ಬುತ್ತಿ ತಂದು ಗಂಡನನ್ನು ಅಟ್ಟಣೆಯ ಬುಡದಲ್ಲಿ ಕೂರಿಸಿ ಮುದ್ದೆ, ಅವರೆಕಾಳಿನ ಸಾರು ಬಡಿಸಿದಳು. ಪಾಪಯ್ಯ ಒಮ್ಮೆ ದೊಡ್ಡಣ್ಣನ ಮುಖ ನೋಡಿ, ಒಮ್ಮೆ ಹೆಂಡತಿಯ ಮುಖ ನೋಡಿ, ಮುದ್ದೆಗೆ ಬೆರಳಿಟ್ಟ.

"ಉಂಡು ಕಾವಲಿಗೆ ಕೂರೋದುಂಟೇನವ್ವಾ?" ಎಂದ ದೊಡ್ಡಣ್ಣ. "ಕತ್ತಲಾಯ್ತಾ ಬಂತು. ಆನೆ ಬರೋ ಹೊತ್ತು."

"ಬರ್ಲಿ," ಎಂದಳು ಬೈರಮ್ಮ, ಸಾರು ಬಡಿಸುತ್ತಲೇ. "ಬಂದ್ರೆ ಅಲ್ಲೇ ವಸಿ ಹೊತ್ತು ನಿಂತಿರ್ಲಿ. ನನ್ನ ಗಂಡ ಉಣ್ತಾವ್ನೆ."